ಡಾರ್ಕ್ ಸ್ಟೋರ್ ಕೆಲಸಕ್ಕೆ ಸೇರೋ ಮುಂಚೆ: ಸಂಬಳ ಕೇಳಿದರೆ ಸಾಲದು, ಯಾರ ಹೆಸರಲ್ಲಿ ಸೇರ್ತಿದ್ದೀರಿ ಅಂತಲೂ ಕೇಳಿ

ಜಯನಗರ: ಜಯನಗರ, ಜೆಪಿ ನಗರ, ಬನಶಂಕರಿ, ಬಿಟಿಎಂ ಲೇಔಟ್‌ನ ಒಳರಸ್ತೆಗಳಲ್ಲಿ ಅರ್ಧ ಶಟರ್ ಎಳೆದ ಮಳಿಗೆಗಳು ಈಗ ಯಾರಿಗೂ ಹೊಸದಲ್ಲ. ಹೊರಗೆ ಬೈಕ್‌ಗಳ ಸಾಲು, ಒಳಗೆ ರ್ಯಾಕ್‌ಗಳ ಸಾಲು. ಗಿರಾಕಿಗೆ ಒಳಗೆ ಪ್ರವೇಶ ಇಲ್ಲ. ಆರ್ಡರ್ ಮೊಬೈಲಲ್ಲಿ ಬರುತ್ತೆ, ಸಾಮಾನು ಚೀಲದಲ್ಲಿ ಹೊರಗೆ ಹೋಗುತ್ತೆ. ಇದಕ್ಕೇ ಡಾರ್ಕ್ ಸ್ಟೋರ್ ಅಂತಾರೆ. ಹಳೇ ಮಾತಲ್ಲಿ ಹೇಳೋದಾದರೆ ಬಡಾವಣೆ ಮಧ್ಯದ ಸಣ್ಣ ಗೋಡೌನ್.

ಮೊದಲು ಗೋಡೌನ್ ಕೆಲಸ ಅಂದರೆ ನೆಲಮಂಗಲ, ಹೊಸಕೋಟೆ, ಅತ್ತಿಬೆಲೆ, ಮಾಲೂರು ಕಡೆ ಹೋಗಬೇಕಿತ್ತು. ಈಗ ಅದೇ ಕೆಲಸ ಮನೆ ಪಕ್ಕದ ಕ್ರಾಸ್‌ಗೆ ಬಂದಿದೆ. ಪಿಯುಸಿ ಮುಗಿಸಿದ ಹುಡುಗರು, ಓದು ಬಿಟ್ಟವರು, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಒಂದು ಶಿಫ್ಟ್ ಮಾಡೋಣ ಅನ್ನೋ ಹೆಣ್ಣುಮಕ್ಕಳು, ಉತ್ತರ ಕರ್ನಾಟಕದಿಂದ, ಒಡಿಶಾ, ಬಿಹಾರದಿಂದ ಬಂದು ಪಿಜಿಯಲ್ಲಿ ಇರೋರು, ಎಲ್ಲರೂ ಈ ಕೆಲಸ ಹುಡುಕ್ತಿದ್ದಾರೆ.

ಹೊರಗೆ ಓಡಾಡೋ ಡೆಲಿವರಿ ಹುಡುಗರ ಬಗ್ಗೆ ಚರ್ಚೆ ಬೇಕಾದಷ್ಟು ಆಗಿದೆ. ಮುಷ್ಕರ ಆಯ್ತು, ರಾಜ್ಯದಲ್ಲಿ ಕಾನೂನೂ ಬಂತು. 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರ ಮಾತಿನ ಮೇಲೆ ಬ್ಲಿಂಕಿಟ್ ತನ್ನ '10 ನಿಮಿಷ' ಅನ್ನೋ ಘೋಷಣೆಯನ್ನೇ ಕೈಬಿಟ್ಟಿತು. ಶಟರ್ ಒಳಗೆ ನಿಂತು ಸಾಮಾನು ಹೆಕ್ಕೋರ ಬಗ್ಗೆ ಮಾತ್ರ ಮಾತು ಕಡಿಮೆ. ಅವರ ವಿಷಯದಲ್ಲಿ ಒಂದು ವಿಚಿತ್ರ ಇದೆ. ಕಾನೂನಿನ ಲೆಕ್ಕದಲ್ಲಿ ಒಳಗಿನವರಿಗೆ ರೈಡರ್‌ಗಿಂತ ಜಾಸ್ತಿ ರಕ್ಷಣೆ ಇದೆ, ಅದೂ ಹೊಸದಲ್ಲ, ದಶಕಗಳಿಂದ ಇರೋದು. ಆದರೆ ಅದು ಸಿಗಬೇಕಾದರೆ ಕೈಯಲ್ಲಿ ಕಾಗದ ಇರಬೇಕು. ಆ ಕಾಗದ ಗುತ್ತಿಗೆದಾರನ ಹತ್ತಿರ ಉಳಿದುಬಿಡುತ್ತೆ.

ಒಳಗೆ ಏನೇನು ಕೆಲಸ?

ಲಾರಿ ಬಂದಾಗ ಸಾಮಾನು ಇಳಿಸಿ ಎಣಿಸೋದಕ್ಕೆ ಇನ್‌ವರ್ಡ್ ಅಂತಾರೆ. ಎಣಿಸಿದ್ದನ್ನ ರ್ಯಾಕ್‌ನ ನಿಗದಿತ ಖಾನೆಯಲ್ಲಿ ಇಡೋದು ಪುಟ್‌ಅವೇ. ಆರ್ಡರ್ ಬಂದ ತಕ್ಷಣ ಮೊಬೈಲ್ ಇಲ್ಲವೇ ಸ್ಕ್ಯಾನರ್ ನೋಡ್ಕೊಂಡು ಸಾಮಾನು ಹೆಕ್ಕೋನು ಪಿಕ್ಕರ್. ಚೀಲಕ್ಕೆ ತುಂಬಿ ಬಿಲ್ ಅಂಟಿಸೋನು ಪ್ಯಾಕರ್. ಅವಧಿ ಮುಗಿದದ್ದು, ಕೊಳೆತ ತರಕಾರಿ, ಒಡೆದ ಪ್ಯಾಕೆಟ್ ಬೇರೆ ಮಾಡೋರೂ ಇರ್ತಾರೆ. ಹೊಸಬರನ್ನ ಸಾಮಾನ್ಯವಾಗಿ ಪಿಕ್ಕಿಂಗ್, ಪ್ಯಾಕಿಂಗ್‌ಗೆ ಹಾಕ್ತಾರೆ.

ಕೆಲಸ ಕಷ್ಟದ್ದಲ್ಲ ಅಂತ ಕಾಣುತ್ತೆ. ಆದರೆ ಇಡೀ ಶಿಫ್ಟ್ ನಿಂತೇ ಇರಬೇಕು, ಇಲ್ಲಾ ಓಡ್ತಾ ಇರಬೇಕು. ಅಕ್ಕಿ ಚೀಲ ಅಂದರೆ 25 ಕೆಜಿ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕೆಟ್‌ಗೆ ಜಿಎಸ್‌ಟಿ ಬಂದ ಮೇಲೆ 26 ಕೆಜಿ ಚೀಲಗಳೂ ಬಂದವು ಅನ್ನೋದು ಅಂಗಡಿಯವರಿಗೆ ಗೊತ್ತೇ ಇದೆ. ಇಂಥ ಚೀಲವನ್ನ ಸೊಂಟ ಬಗ್ಗಿಸಿ ಎತ್ತಿದರೆ ಆರು ತಿಂಗಳಲ್ಲಿ ಬೆನ್ನು ಮಾತಾಡುತ್ತೆ. ಮೊಣಕಾಲು ಮಡಚಿ, ಚೀಲವನ್ನ ಮೈಗೆ ಒತ್ತಿಕೊಂಡು ಎತ್ತಬೇಕು. ಫ್ರೀಜರ್ ಕೋಣೆ ಸುಮಾರು ಮೈನಸ್ 18 ಡಿಗ್ರಿ ಇರುತ್ತೆ. ಅಲ್ಲಿಗೆ ಹೋಗೋರಿಗೆ ಜಾಕೆಟ್, ಗ್ಲೌಸ್ ಕೊಡ್ತಾರಾ ಅಂತ ಮೊದಲ ದಿನವೇ ಕೇಳಿ. ಟೀ ಶರ್ಟ್‌ನಲ್ಲೇ ಒಳಗೆ ಹೋಗಿ ಬಂದು ಮಾಡೋದು ಧೈರ್ಯ ಅಲ್ಲ.

ರೈಡರ್‌ಗೆ ಒಂದು ಕಾನೂನು, ಒಳಗಿನವರಿಗೆ ಇನ್ನೊಂದು

ರಾಜ್ಯ ಸರ್ಕಾರ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾನೂನು ಆ್ಯಪ್ ಮೂಲಕ ಕೆಲಸ ಮಾಡೋರಿಗೆ. ಪ್ರತಿ ಪಾವತಿ ಮೇಲೆ ಕಂಪನಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ತೆಗೆದುಹಾಕೋ ಮುಂಚೆ 14 ದಿನ ನೋಟಿಸ್ ಕೊಡಬೇಕು ಅಂತ ಅದರಲ್ಲಿದೆ. ತಿಂಗಳ ಸಂಬಳಕ್ಕೆ ಶಿಫ್ಟ್ ಮಾಡೋ ಪಿಕ್ಕರ್, ಪ್ಯಾಕರ್ ಈ ಕಾನೂನಿಗೆ ಬರಲ್ಲ. ಅವರು ನೌಕರರು. ಅವರಿಗೆ ಪಿಎಫ್, ಇಎಸ್‌ಐ, ಕನಿಷ್ಠ ವೇತನ, ವಾರದ ರಜೆ ಎಲ್ಲ ಅನ್ವಯ ಆಗುತ್ತೆ.

'ಇದು ಅಂಗಡಿ ಅಲ್ಲ, ಆ ಕಾನೂನು ನಮಗಿಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 'ಅಂಗಡಿ' ಅನ್ನೋ ಪದದ ಅರ್ಥದಲ್ಲೇ ವ್ಯಾಪಾರಕ್ಕೆ ಬಳಸೋ ಉಗ್ರಾಣ, ಗೋದಾಮು ಸೇರಿದೆ. ಮೊಬೈಲ್ ಆ್ಯಪ್ ಹುಟ್ಟೋಕೆ ಅರ್ಧ ಶತಮಾನ ಮುಂಚೆಯೇ ಬರೆದಿಟ್ಟ ಮಾತು ಇದು.

ಇದರ ಮೇಲೆ 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರ ಪ್ರಕಾರ ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಲೇಬೇಕು. ಇಷ್ಟು ಅವಧಿಗೆ ಅಂತ ಬರಹದಲ್ಲಿ ನೇಮಕ ಆದವರಿಗೆ ಗ್ರಾಚ್ಯುಟಿ ಸಿಗೋಕೆ ಐದು ವರ್ಷ ಬೇಕಿಲ್ಲ, ಒಂದು ವರ್ಷ ಸಾಕು.

ಬೋರ್ಡ್ ಒಂದು ಹೆಸರು, ಸಂಬಳ ಚೀಟಿ ಇನ್ನೊಂದು ಹೆಸರು

ತೊಡಕು ಇರೋದು ಇಲ್ಲೇ. ಟೀ ಶರ್ಟ್ ಮೇಲೆ ದೊಡ್ಡ ಕಂಪನಿ ಹೆಸರು ಇರುತ್ತೆ. ಸಂಬಳ ಹಾಕೋದು ಮಾತ್ರ ಮ್ಯಾನ್‌ಪವರ್ ಏಜೆನ್ಸಿ. ಕೆಲವು ಕಡೆ ಏಜೆನ್ಸಿ ಕೆಳಗೆ ಇನ್ನೊಬ್ಬ, ಅವನ ಕೆಳಗೆ ಹುಡುಗರನ್ನ ಕರ್ಕೊಂಡು ಬರೋ ಮತ್ತೊಬ್ಬ. ಸಂಬಳ ತಡ ಆದಾಗ ಸ್ಟೋರ್ ಮ್ಯಾನೇಜರ್ ಏಜೆನ್ಸಿ ಕಡೆ ಕೈ ತೋರಿಸ್ತಾನೆ, ಏಜೆನ್ಸಿಯವರು ಕಂಪನಿ ಬಿಲ್ ಪಾಸ್ ಮಾಡಿಲ್ಲ ಅಂತಾರೆ.

ಗುತ್ತಿಗೆದಾರ ಸಂಬಳ ಕೊಡದೇ ಇದ್ದರೆ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿತ್ತು, ಹೊಸ ಸಂಹಿತೆಯಲ್ಲೂ ಇದೆ. ಆದರೆ ಕೇಳೋಕೆ ಹೋದಾಗ 'ನೀವು ಇಲ್ಲಿ ಕೆಲಸ ಮಾಡಿದ್ದಕ್ಕೆ ಏನು ಸಾಕ್ಷಿ?' ಅನ್ನೋ ಪ್ರಶ್ನೆ ಬರುತ್ತೆ. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಶಿಫ್ಟ್ ಹಾಕಿದ ಮೆಸೇಜ್ ಬಿಟ್ಟರೆ ಏನೂ ಇಲ್ಲದಿದ್ದರೆ ಅಲ್ಲಿಗೆ ಮಾತು ನಿಲ್ಲುತ್ತೆ.

ದೊಡ್ಡ ಹೆಸರು ಇದ್ದರೆ ಸಾಕು ಅನ್ನೋದೂ ಸರಿಯಲ್ಲ. ಬೆಂಗಳೂರಲ್ಲೇ ಹುಟ್ಟಿದ ಡಂಜೋ ಒಂದು ಕಾಲಕ್ಕೆ ಮನೆಮಾತಾಗಿತ್ತು. 2023ರಲ್ಲಿ ಅಲ್ಲಿನ ನೌಕರರ ಸಂಬಳ ತಡವಾದ ಸುದ್ದಿ ಬಂತು, 2025ರ ಜನವರಿ ಹೊತ್ತಿಗೆ ಆ್ಯಪ್ ನಿಂತೇ ಹೋಯ್ತು.

ಹಾಗಾಗಿ ಸೇರೋ ದಿನ ಈ ಐದು ವಿಷಯ ಪಕ್ಕಾ ಮಾಡಿಕೊಳ್ಳಿ:

1. ಸಂಬಳ ಕೊಡೋ ಏಜೆನ್ಸಿಯ ಪೂರ್ತಿ ಹೆಸರು, ಆಫೀಸ್ ವಿಳಾಸ.
2. ನೇಮಕಾತಿ ಪತ್ರ. ಕಾಗದದಲ್ಲಿ ಕೊಡದಿದ್ದರೆ ಇಮೇಲ್ ಆದರೂ ಇರಲಿ. ಯಾವ ಸ್ಟೋರ್‌ಗೆ ಅಂತ ಅದರಲ್ಲಿ ಬರೆದಿರಬೇಕು.
3. 12 ಅಂಕಿಯ ಯುಎಎನ್, ಅಂದರೆ ಪಿಎಫ್ ಸಂಖ್ಯೆ. ಹಳೇ ಕೆಲಸದ್ದು ಇದ್ದರೆ ಅದನ್ನೇ ಕೊಡಿ. ಏಜೆನ್ಸಿ ಬದಲಾದಾಗೆಲ್ಲ ಹೊಸದು ಮಾಡಿಸಿದರೆ ದುಡ್ಡು ಚೂರುಚೂರಾಗಿ ಸಿಕ್ಕಿಹಾಕಿಕೊಳ್ಳುತ್ತೆ.
4. 10 ಅಂಕಿಯ ಇಎಸ್‌ಐ ಸಂಖ್ಯೆ.
5. ಸಂಬಳ ಬ್ಯಾಂಕ್ ಖಾತೆಗೇ ಬರಬೇಕು, ತಿಂಗಳಿಗೊಂದು ಚೀಟಿ ಕೊಡಬೇಕು.

ಕೆಲಸ ಕೊಡಿಸ್ತೀವಿ ಅಂತ ರಿಜಿಸ್ಟ್ರೇಷನ್ ಫೀಸ್ ಕೇಳಿದರೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಜೆರಾಕ್ಸ್ ಸಾಕು.

22 ಸಾವಿರ ಅಂದರೆ ಕೈಗೆ ಎಷ್ಟು?

ಜಾಹೀರಾತಿನಲ್ಲಿ ಬರೆಯೋದು ಸಿಟಿಸಿ. ಅದರಲ್ಲಿ ಕಂಪನಿ ಕಟ್ಟೋ ಪಾಲೂ ಸೇರಿರುತ್ತೆ. ಉದಾಹರಣೆಗೆ ತಿಂಗಳ ವೇತನ 20,000 ರೂಪಾಯಿ ಅಂತ ಇಟ್ಟುಕೊಳ್ಳಿ. ಪಿಎಫ್ ಲೆಕ್ಕವನ್ನ 15,000ದ ಮಿತಿಯಲ್ಲಿ ಹಿಡಿದರೆ ಶೇ 12, ಅಂದರೆ 1,800 ನಿಮ್ಮಿಂದ, ಅಷ್ಟೇ ಕಂಪನಿಯಿಂದ. ಇಎಸ್‌ಐಗೆ ನಿಮ್ಮ ಪಾಲು ಶೇ 0.75, ಅಂದರೆ 150. ಕಂಪನಿ ಪಾಲು ಶೇ 3.25, ಅಂದರೆ 650. ಕಂಪನಿ ಲೆಕ್ಕದಲ್ಲಿ ನಿಮ್ಮ ಖರ್ಚು 22,450. ನಿಮ್ಮ ಖಾತೆಗೆ ಬರೋದು 18,050. ನಡುವೆ 4,400 ವ್ಯತ್ಯಾಸ.

ಇದರಲ್ಲಿ ಮೋಸ ಏನಿಲ್ಲ, ಆ 4,400 ನಿಮ್ಮ ಹೆಸರಿನ ಪಿಎಫ್‌ಗೆ, ಇಎಸ್‌ಐಗೆ ನಿಜವಾಗಿ ಹೋಗಿದ್ದರೆ. ಸಂಬಳದಲ್ಲಿ ಕಡಿತ ಮಾಡಿ ಅಲ್ಲಿಗೆ ಕಟ್ಟದೇ ಇದ್ದರೆ ಅದು ನಿಮ್ಮ ದುಡ್ಡು ತಿಂದ ಹಾಗೆ. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ಎರಡು ತಿಂಗಳಿಗೊಮ್ಮೆ ನೋಡಿ. 'ಪಿಎಫ್ ಬೇಡ ಅಂತ ಬರೆದುಕೊಡಿ, ಕೈಗೆ ಜಾಸ್ತಿ ಬರುತ್ತೆ' ಅನ್ನೋರೂ ಇದ್ದಾರೆ. ಅಲ್ಲಿ ಉಳಿಯೋದು ಕಂಪನಿಯ ಪಾಲು, ಕಳೆದುಕೊಳ್ಳೋದು ನೀವು.

ರಾಜ್ಯದ ಕನಿಷ್ಠ ವೇತನಕ್ಕೆ ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರುತ್ತೆ. ಏಪ್ರಿಲ್ ಸಂಬಳದ ಚೀಟಿ ಮಾರ್ಚ್‌ನ ಹಾಗೇ ಇದ್ದರೆ, ಕನಿಷ್ಠ ವೇತನದ ಅಂಚಿನಲ್ಲಿರೋರು ಕೇಳಲೇಬೇಕು.

ಗಂಟೆ, ಊಟ, ಓಟಿ

1961ರ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಐದು ಗಂಟೆ ಕೆಲಸ ಆದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು. ವಾರಕ್ಕೊಂದು ದಿನ ಪೂರ್ತಿ ರಜೆ. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ. 'ಇವತ್ತು ಭಾನುವಾರ, ಆರ್ಡರ್ ಜಾಸ್ತಿ, ಇನ್ನೆರಡು ಗಂಟೆ ಇರಿ' ಅಂದಾಗ ಇರೋದು ಬಿಡೋದು ನಿಮಗೆ ಬಿಟ್ಟದ್ದು. ಇದ್ದರೆ ಆ ಎರಡು ಗಂಟೆ ಎಲ್ಲಿ ಬರೆದುಕೊಳ್ತಾರೆ ಅಂತ ನೋಡಿ. ಬಯೋಮೆಟ್ರಿಕ್‌ನಲ್ಲಿ ಔಟ್ ಒತ್ತಿಸಿ ಆಮೇಲೆ ಕೆಲಸ ಮಾಡಿಸಿದರೆ ಆ ಓಟಿ ಲೆಕ್ಕಕ್ಕೆ ಸಿಗಲ್ಲ. ಬಂದ ಹೊತ್ತು, ಹೋದ ಹೊತ್ತು ಒಂದು ಡೈರಿಯಲ್ಲಿ ಬರೆದಿಡೋದು ಸುಲಭದ ಉಪಾಯ.

ರಾತ್ರಿ ಪಾಳಿ ಹೆಣ್ಣುಮಕ್ಕಳಿಗೆ ಕೊಡೋದಾದರೆ ಅವರ ಒಪ್ಪಿಗೆ ಬೇಕು, ಮನೆಗೆ ಬಿಡೋ ವಾಹನ, ಭದ್ರತೆ ಬೇಕು. ಆರ್‌ವಿ ರೋಡ್‌ನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ 2025ರ ಆಗಸ್ಟ್‌ನಿಂದ ಓಡ್ತಿದೆ, ನಿಜ. ಆದರೆ ನಡುರಾತ್ರಿ ಶಿಫ್ಟ್ ಮುಗಿಸಿದವರಿಗೆ ಮೆಟ್ರೋ ಇರಲ್ಲ. ಆಟೋ ಖರ್ಚು ಸಂಬಳದಲ್ಲಿ ಕಳೆದು ನೋಡಿ, ಆಮೇಲೆ ಒಪ್ಪಿಕೊಳ್ಳಿ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಲೈಂಗಿಕ ಕಿರುಕುಳದ ದೂರು ಕೇಳೋ ಆಂತರಿಕ ಸಮಿತಿ ಇರಬೇಕು ಅಂತ 2013ರ ಕಾನೂನು ಹೇಳುತ್ತೆ. ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಗೋಡೆ ಮೇಲೆ ಹಾಕಿರಬೇಕು.

ನಿಮಿಷದ ಲೆಕ್ಕ, ಬಾತ್‌ರೂಮ್ ಲೆಕ್ಕ

ಪಿಕ್ಕರ್‌ನ ಕೈಯಲ್ಲಿರೋ ಮೊಬೈಲ್ ಬರೀ ಪಟ್ಟಿ ತೋರಿಸಲ್ಲ, ಎಷ್ಟು ಸೆಕೆಂಡ್ ಆಯ್ತು ಅಂತಲೂ ಎಣಿಸುತ್ತೆ. ಜಾಹೀರಾತಿನಿಂದ '10 ನಿಮಿಷ' ಹೋದರೂ ಒಳಗಿನ ಗಡಿಯಾರ ನಿಂತಿಲ್ಲ.

ಈ ಗಡಿಯಾರ ಎಲ್ಲಿವರೆಗೆ ಹೋಗಬಹುದು ಅನ್ನೋದು 2024ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿ ಗೊತ್ತಾಯ್ತು. ಅಲ್ಲಿನ ಅಮೆಜಾನ್ ಗೋದಾಮಿನಲ್ಲಿ ಟ್ರಕ್‌ಗಳಿಂದ ಸಾಮಾನು ಇಳಿಸಿ ಮುಗಿಯೋವರೆಗೂ ನೀರಿಗೆ, ಶೌಚಕ್ಕೆ ಹೋಗಲ್ಲ ಅಂತ ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದ ವರದಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತು. ಅದೊಂದು ಬಿಡಿ ಘಟನೆ ಅಂತ ಕಂಪನಿ ಹೇಳಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ಗೋದಾಮು ಕೆಲಸಗಾರರಿಗಾಗಿಯೇ ಒಂದು ಕಾನೂನಿದೆ: ಗುರಿ ಎಷ್ಟು ಅಂತ ಬರಹದಲ್ಲಿ ತಿಳಿಸಬೇಕು, ಊಟಕ್ಕೆ, ಶೌಚಕ್ಕೆ ಹೋಗೋಕಾಗದಂಥ ಗುರಿ ಇಡಬಾರದು.

ನಮ್ಮ ಹೊಸ ಸಂಹಿತೆಯಲ್ಲೂ ನಿಂತೇ ಕೆಲಸ ಮಾಡೋರಿಗೆ ಕೂರೋ ವ್ಯವಸ್ಥೆ ಇರಬೇಕು ಅಂತ ಇದೆ. ಪಕ್ಕದ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರೋ ಹಕ್ಕು ಕೊಟ್ಟಿವೆ. ಸಂದರ್ಶನಕ್ಕೆ ಹೋದಾಗ ಒಂದು ಸಲ ಒಳಗೆ ಕಣ್ಣು ಹಾಯಿಸಿ: ನಾಲ್ಕು ಸ್ಟೂಲ್ ಇದೆಯಾ, ಕುಡಿಯೋ ನೀರು ಎಲ್ಲಿದೆ, ಹೆಂಗಸರಿಗೆ ಬೇರೆ ಬಾತ್‌ರೂಮ್ ಇದೆಯಾ. ಕೇಳೋ ಮುಂಚೆಯೇ ಅರ್ಧ ಉತ್ತರ ಸಿಗುತ್ತೆ.

ಸ್ಟಾಕ್ ಕಡಿಮೆ ಬಂದರೆ ಯಾರ ತಲೆಗೆ?

ತಿಂಗಳ ಕೊನೆಗೆ ಎಣಿಸಿದಾಗ ಸಾಮಾನು ಕಡಿಮೆ ಬಂದರೆ ಶಿಫ್ಟ್‌ನಲ್ಲಿದ್ದ ಎಲ್ಲರಿಂದ ಸಮವಾಗಿ ಹಿಡಿಯೋ ಪದ್ಧತಿ ಪ್ರಾವಿಷನ್ ಸ್ಟೋರ್ ಕಾಲದಿಂದಲೂ ಇದೆ. ಕಾನೂನು ಇದನ್ನ ಒಪ್ಪಲ್ಲ. ನಷ್ಟ ಆ ನೌಕರನ ಅಜಾಗರೂಕತೆಯಿಂದಲೇ ಆಗಿದೆ ಅಂತ ತೋರಿಸಬೇಕು, ಅವನಿಗೆ ಉತ್ತರ ಹೇಳೋಕೆ ಅವಕಾಶ ಕೊಡಬೇಕು, ಆಮೇಲೆ ಕಡಿತ. ದಂಡ ಹಾಕಿದರೂ ಆ ತಿಂಗಳ ವೇತನದ ಶೇ 3 ಮೀರಬಾರದು. ಎಲ್ಲ ಕಡಿತ ಸೇರಿ ಅರ್ಧ ಸಂಬಳ ದಾಟಬಾರದು. ಕೆಲಸ ಬಿಟ್ಟರೆ ಅಥವಾ ತೆಗೆದರೆ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಆರು ತಿಂಗಳು ಸತತ ಕೆಲಸ ಮಾಡಿದವರನ್ನ ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯೋ ಹಾಗಿಲ್ಲ.

ಪೆಟ್ಟಾದರೆ, ಬೆಂಕಿ ಬಿದ್ದರೆ

ಇಎಸ್‌ಐ ಬೆಲೆ ಗೊತ್ತಾಗೋದು ಏಣಿಯಿಂದ ಬಿದ್ದ ದಿನ. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂರಬೇಕಾದರೆ ವೇತನದ ಶೇ 90ರ ಲೆಕ್ಕದಲ್ಲಿ ಹಣ ಬರುತ್ತೆ, ಅದಕ್ಕೆ ಇಷ್ಟು ದಿನ ಕಟ್ಟಿರಬೇಕು ಅನ್ನೋ ಷರತ್ತಿಲ್ಲ. ಸಾಮಾನ್ಯ ಕಾಯಿಲೆಗಾದರೆ ಶೇ 70, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಇರಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರೋರಿಗೆ ಇದು ಸಿಗುತ್ತೆ. ದೊಡ್ಡ ಇಎಸ್‌ಐ ಆಸ್ಪತ್ರೆಗಳು ರಾಜಾಜಿನಗರ, ಇಂದಿರಾನಗರದಲ್ಲಿವೆ. ಪೆಟ್ಟಾದ ದಿನವೇ ಸ್ಟೋರ್‌ನ ಅಪಘಾತದ ಪುಸ್ತಕದಲ್ಲಿ ಬರೆಸಿ. 'ಮನೆಯಲ್ಲಿ ಬಿದ್ದೆ ಅಂತ ಹೇಳು' ಅಂದರೆ ಒಪ್ಪಿಕೊಳ್ಳಬೇಡಿ, ಆ ಒಂದು ಮಾತಿನಿಂದ ಶೇ 90 ಕೈತಪ್ಪುತ್ತೆ.

ಬೆಂಕಿ ವಿಷಯದಲ್ಲಿ ನಮ್ಮ ಕಡೆಗೆ ಪಾಠ ಬೇಕಿಲ್ಲ. 2021ರ ಸೆಪ್ಟೆಂಬರ್ 23ರಂದು ನ್ಯೂ ತರಗುಪೇಟೆಯ ಗೋದಾಮಿನಲ್ಲಿ ಪಟಾಕಿ ಸ್ಫೋಟಿಸಿ ಜೀವ ಹೋದವು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದಾಗ 14 ಮಂದಿ ಸತ್ತರು, ಆಮೇಲೆ ಆಸ್ಪತ್ರೆಯಲ್ಲಿ ಸಾವಿನ ಸಂಖ್ಯೆ ಇನ್ನೂ ಏರಿತು. ದೀಪಾವಳಿ ಸೀಸನ್‌ಗೆ ನಾಲ್ಕು ಕಾಸು ಸಿಗುತ್ತೆ ಅಂತ ತಮಿಳುನಾಡಿನಿಂದ ಬಂದಿದ್ದ ಹುಡುಗರೇ ಅದರಲ್ಲಿ ಹೆಚ್ಚು.

ದಿನಸಿ ಸ್ಟೋರ್ ಪಟಾಕಿ ಗೋದಾಮು ಅಲ್ಲ, ಸರಿ. ಆದರೆ ಎಣ್ಣೆ, ಡಿಯೋಡರೆಂಟ್ ಡಬ್ಬಿ, ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್, ಹೊರಗೆ ಚಾರ್ಜಿಗೆ ಇಟ್ಟ ಬ್ಯಾಟರಿ ಎಲ್ಲ ಒಂದೇ ಕಡೆ ಇರುತ್ತೆ. ಮೇಲಿನ ಮಹಡಿಯಲ್ಲಿ ಸಂಸಾರಗಳಿರುತ್ತವೆ. ಎರಡನೇ ಬಾಗಿಲು ಎಲ್ಲಿದೆ, ಅದಕ್ಕೆ ಅಡ್ಡ ಕ್ರೇಟ್ ಜೋಡಿಸಿದ್ದಾರಾ, ಬೀಗ ಹಾಕಿದ್ದಾರಾ ಅನ್ನೋದನ್ನ ಮೊದಲ ದಿನವೇ ನೋಡಿಕೊಳ್ಳಿ.

ಅಂಗಡಿಯವರಿಗೂ, ಕಟ್ಟಡ ಮಾಲೀಕರಿಗೂ

ಈ ಮಾತು ಡಾರ್ಕ್ ಸ್ಟೋರ್‌ಗಷ್ಟೇ ಸೀಮಿತ ಅಲ್ಲ. ಇಬ್ಬರು ಹುಡುಗರನ್ನ ಇಟ್ಟುಕೊಂಡ ಪ್ರಾವಿಷನ್ ಸ್ಟೋರ್‌ಗೂ ಅದೇ 1961ರ ಕಾಯ್ದೆ. ಅಂಗಡಿ ಬಿಟ್ಟು ಡಾರ್ಕ್ ಸ್ಟೋರ್‌ಗೆ ಹೋಗೋ ಹುಡುಗ ನೋಡೋದು ಸಂಬಳವನ್ನ ಮಾತ್ರ ಅಲ್ಲ. ವಾರದ ರಜೆ, ಬ್ಯಾಂಕ್‌ಗೆ ಬರೋ ಸಂಬಳ, ಬೈಕ್ ಸಾಲಕ್ಕೆ ತೋರಿಸೋಕೆ ಒಂದು ಚೀಟಿ. ಅಂಗಡಿಯಲ್ಲಿ ಕಷ್ಟಕ್ಕೆ ಅಡ್ವಾನ್ಸ್ ಕೊಡೋ ಯಜಮಾನರು, ಮಧ್ಯಾಹ್ನದ ಊಟ, ಹಬ್ಬಕ್ಕೆ ಊರಿಗೆ ಹೋಗೋ ಸ್ವಾತಂತ್ರ್ಯ ಇರುತ್ತೆ; ಅದನ್ನ ಯಾವ ಆ್ಯಪೂ ಕೊಡಲ್ಲ. ಅದರ ಜೊತೆ ಚೀಟಿ, ರಜೆ ಎರಡನ್ನೂ ಕೊಟ್ಟರೆ ಹುಡುಗರು ಉಳಿಯೋ ಸಾಧ್ಯತೆ ಹೆಚ್ಚು.

ನೆಲಮಹಡಿಯನ್ನ ಬಾಡಿಗೆಗೆ ಕೊಟ್ಟಿರೋ ಮಾಲೀಕರು ಟ್ರೇಡ್ ಲೈಸೆನ್ಸ್ ಪ್ರತಿ, ಬೆಂಕಿ ನಂದಿಸೋ ಸಾಧನದ ಅವಧಿ, ಹಿಂಬಾಗಿಲಿನ ದಾರಿ ಮೂರನ್ನೂ ವರ್ಷಕ್ಕೊಮ್ಮೆ ನೋಡೋದು ಒಳ್ಳೇದು. ಬಾಡಿಗೆ ಒಳ್ಳೇದು ಬರುತ್ತೆ, ಆದರೆ ಮೇಲೆ ಮಲಗೋದು ಅವರದೇ ಮನೆಯವರು.

ದೂರು ಎಲ್ಲಿ ಕೊಡಬೇಕು?

ಕಾರ್ಮಿಕ ಇಲಾಖೆಯ ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲೇ, ಡೇರಿ ಸರ್ಕಲ್ ಹತ್ತಿರ ಇದೆ. ಜಯನಗರದಿಂದ, ಬಿಟಿಎಂನಿಂದ ಒಂದು ಬಸ್ ದೂರ. ಸಂಬಳ, ಓಟಿ, ರಜೆ, ನೇಮಕಾತಿ ಪತ್ರದ ವಿಷಯಕ್ಕೆ ಅಲ್ಲಿಗೆ ಹೋಗಬಹುದು. ಇಲಾಖೆಯ ಸಹಾಯವಾಣಿ 155214. ಪಿಎಫ್ ವಿಷಯಕ್ಕೆ 14470, ಇಎಸ್‌ಐ ವಿಷಯಕ್ಕೆ 1800-11-2526. ಹೋಗೋವಾಗ ಬ್ಯಾಂಕ್ ಸ್ಟೇಟ್‌ಮೆಂಟ್, ಐಡಿ ಕಾರ್ಡ್ ಫೋಟೋ, ಶಿಫ್ಟ್ ಮೆಸೇಜ್‌ಗಳ ಸ್ಕ್ರೀನ್‌ಶಾಟ್, ಗಂಟೆ ಬರೆದ ಡೈರಿ ತಗೊಂಡು ಹೋಗಿ. ಒಬ್ಬರೇ ಹೋಗೋದಕ್ಕಿಂತ ಅದೇ ಸ್ಟೋರ್‌ನ ನಾಲ್ಕು ಜನ ಸೇರಿ ಒಂದೇ ಅರ್ಜಿ ಕೊಟ್ಟರೆ ತೂಕ ಜಾಸ್ತಿ.

ಈ ಕೆಲಸ ಕೆಟ್ಟದ್ದು ಅಂತ ಹೇಳೋಕೆ ಕಾರಣ ಇಲ್ಲ. ಮನೆ ಹತ್ತಿರ, ತಿಂಗಳಿಗೆ ಖಚಿತ ಸಂಬಳ, ಹೆಚ್ಚು ಓದು ಕೇಳಲ್ಲ. ರೈಡರ್ ಹಾಗೆ ಮಳೆಯಲ್ಲಿ ನೆನೆದು ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಬೇಕಿಲ್ಲ. ಆದರೆ ರೈಡರ್‌ಗೆ ಸಿಗದೇ ಇರೋ ಪಿಎಫ್, ಇಎಸ್‌ಐ, ರಜೆ, ಓಟಿ ಇರೋದರಿಂದಲೇ ಇದು ಮೇಲಾದ ಕೆಲಸ. ಅವು ಇಲ್ಲದಿದ್ದರೆ ಉಳಿಯೋದು ಬರೀ ನಿಂತುಕೊಳ್ಳೋ ಕೂಲಿ. ಸೇರಿದ ಮೊದಲ ತಿಂಗಳಲ್ಲೇ ಯುಎಎನ್, ಇಎಸ್‌ಐ ಸಂಖ್ಯೆ, ನೇಮಕಾತಿ ಪತ್ರ ಮೂರೂ ಕೈಗೆ ಬಂದವಾ ಅಂತ ಮನೆಯವರೂ ಒಂದು ಸಲ ಕೇಳಲಿ.